ನಿರ್ವಹಣಾ ವಿಭಾಗದ ಹೊಣೆ ಹೆಗಲೇರಿದಾಗ: ಯಾವುದು ಮೊದಲು, ಯಾವುದು ಆಮೇಲೆ

ಕಾರ್ಖಾನೆಯ ನಿರ್ವಹಣಾ ವಿಭಾಗದ ಮುಖ್ಯಸ್ಥರಾಗಿ ನೀವು ಕುರ್ಚಿಯಲ್ಲಿ ಕೂತ ಮೊದಲ ವಾರವೇ ಇಬ್ಬರು ಬಾಗಿಲು ತಟ್ಟುತ್ತಾರೆ. ಒಬ್ಬರು ಸೆನ್ಸರ್ ಮಾರುವವರು. ಯಂತ್ರ ಕೆಡುವ ದಿನವನ್ನು ಮೊಬೈಲಿನಲ್ಲೇ ತೋರಿಸುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಉತ್ಪಾದನಾ ವಿಭಾಗದವರು. ಮೂರನೆಯ ಲೈನು ನಿನ್ನೆ ಐದು ಗಂಟೆ ನಿಂತಿತ್ತು, ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಆ ವಾರ ಇಬ್ಬರಿಗೂ ಮಾತು ಕೊಡಬೇಡಿ. ನಾನು ಕೊಟ್ಟಿದ್ದೆ, ವರ್ಷವಿಡೀ ಅದರ ಬಡ್ಡಿ ಕಟ್ಟಿದೆ.

ಈ ಕೆಲಸದಲ್ಲಿ ಏನೇನು ಮಾಡಬೇಕು ಎಂಬುದು ಬಹುತೇಕ ಎಲ್ಲರಿಗೂ ಗೊತ್ತು. ಎಡವುವುದು ಯಾವುದನ್ನು ಮೊದಲು ಮಾಡಬೇಕು ಎಂಬಲ್ಲಿ. ಹಾಗಾಗಿ ಕ್ರಮ ಹಿಡಿದೇ ಬರೆಯುತ್ತೇನೆ.

ಹಂತ 1: ಹಳೆಯ ದಾಖಲೆ ಓದಿ, ನಿಂತ ಹೊತ್ತನ್ನು ಬಿಡಿಸಿ ನೋಡಿ

ಕಳೆದ 12 ತಿಂಗಳ ಬ್ರೇಕ್‌ಡೌನ್ ದಾಖಲೆ ತರಿಸಿಕೊಳ್ಳಿ. ಅರ್ಧಕ್ಕರ್ಧ ಸಾಲುಗಳು ‘ಮೋಟರ್ ಕೆಟ್ಟಿತ್ತು, ಸರಿಪಡಿಸಲಾಗಿದೆ’ ಎಂದೇ ಇರುತ್ತವೆ. ಅದರಿಂದ ಬೇಸರವಾಗುವುದು ಸಹಜ, ಆದರೂ ಯಾವ ಯಂತ್ರ ಎಷ್ಟು ಗಂಟೆ ನುಂಗಿತು ಎಂಬುದಂತೂ ಸಿಗುತ್ತದೆ. ಗಂಟೆಗಳ ಲೆಕ್ಕದಲ್ಲಿ ಒಂದು ಪಟ್ಟಿ, ಎಷ್ಟು ಸಲ ನಿಂತಿತು ಎಂಬ ಲೆಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಿ. ಎರಡೂ ಪಟ್ಟಿಗಳ ತಲೆಯಲ್ಲಿ ಬೇರೆ ಬೇರೆ ಯಂತ್ರಗಳಿದ್ದರೆ ಅಚ್ಚರಿಪಡಬೇಡಿ.

ಒಂದು ಯಂತ್ರ ತಿಂಗಳಲ್ಲಿ 570 ಗಂಟೆ ಓಡಿ, 6 ಸಲ ಕೈಕೊಟ್ಟು, ಒಟ್ಟು 30 ಗಂಟೆ ನಿಂತಿತು ಎನ್ನಿ. ಎರಡು ವೈಫಲ್ಯಗಳ ನಡುವಿನ ಸರಾಸರಿ ಓಟ 95 ಗಂಟೆ, ದುರಸ್ತಿಯ ಸರಾಸರಿ 5 ಗಂಟೆ, ಲಭ್ಯತೆ, ಅಂದರೆ ಒಟ್ಟು ಹೊತ್ತಿನಲ್ಲಿ ಓಡಿದ ಪಾಲು, ಶೇ. 95. ಪಕ್ಕದ ಯಂತ್ರ ಒಂದೇ ಸಲ ಕೆಟ್ಟು 30 ಗಂಟೆ ನಿಂತರೂ ಲಭ್ಯತೆ ಅದೇ ಶೇ. 95. ಮೇಲಿನವರಿಗೆ ಕಳಿಸುವ ವರದಿಯಲ್ಲಿ ಇವೆರಡೂ ಅವಳಿಗಳಂತೆ ಕಾಣುತ್ತವೆ. ರೋಗ ಮಾತ್ರ ಬೇರೆ. ಮೊದಲನೆಯದರಲ್ಲಿ ಏಕೆ ಮತ್ತೆ ಮತ್ತೆ ಕೆಡುತ್ತಿದೆ ಎಂದು ಹುಡುಕಬೇಕು. ಎರಡನೆಯದರಲ್ಲಿ ಬಿಡಿಭಾಗ ಎಲ್ಲಿತ್ತು, ಗೊತ್ತಿದ್ದ ಫಿಟ್ಟರ್ ಯಾವ ಪಾಳಿಯಲ್ಲಿದ್ದರು ಎಂದು ಕೇಳಬೇಕು.

ಇಂದಿನಿಂದ ಬರುವ ಪ್ರತಿ ದೊಡ್ಡ ಬ್ರೇಕ್‌ಡೌನಿನ ಹೊತ್ತನ್ನು ತುಂಡು ಮಾಡಿ ಬರೆಸಿ. ನಾನು ಮೊದಲ ಬಾರಿಗೆ ಹಾಗೆ ಬರೆಸಿದ್ದು ನಾಲ್ಕು ಗಂಟೆಯ ಒಂದು ನಿಲುಗಡೆಯನ್ನು: ಫಿಟ್ಟರ್ ಬಂದು ತಲುಪಲು 25 ನಿಮಿಷ, ದೋಷ ಪತ್ತೆಗೆ 40, ಉಗ್ರಾಣದಿಂದ ಸೀಲ್ ತರಲು 105, ಅದನ್ನು ಕೂರಿಸಲು 35, ಓಡಿಸಿ ನೋಡಿ ಒಪ್ಪಿಸಲು 35. ಸ್ಪ್ಯಾನರ್ ಕೈಯಲ್ಲಿದ್ದ ಹೊತ್ತು 35 ನಿಮಿಷ. ಆ ಫಿಟ್ಟರಿಗೆ ‘ಬೇಗ ಮಾಡಿ’ ಎಂದು ಎಷ್ಟು ಸಲ ಕೂಗಿದ್ದೆನೋ ಲೆಕ್ಕವಿಲ್ಲ. ಕೂಗಬೇಕಾಗಿದ್ದದ್ದು ಉಗ್ರಾಣದ ಕಡೆಗೆ. ಅದೂ ಅಲ್ಲಿನ ನೌಕರನ ಮೇಲಲ್ಲ. ಆ ಸೀಲಿಗೆ ಮೂರು ಬೇರೆ ಬೇರೆ ಹೆಸರಿನಲ್ಲಿ ಮೂರು ಸಂಖ್ಯೆ ಕೊಟ್ಟಿದ್ದ ನಮ್ಮದೇ ಪಟ್ಟಿಯ ಮೇಲೆ.

ಹಂತ 2: ಯಂತ್ರಗಳನ್ನು ಮೂರು ಗುಂಪು ಮಾಡಿ

ಉತ್ಪಾದನೆ, ಗುಣಮಟ್ಟ, ಸುರಕ್ಷತೆ ವಿಭಾಗಗಳಿಂದ ಒಬ್ಬೊಬ್ಬರನ್ನು ಕೂರಿಸಿಕೊಂಡು ಪ್ರತಿ ಯಂತ್ರಕ್ಕೂ ಮೂರೇ ಪ್ರಶ್ನೆ ಕೇಳಿ. ಇದು ಕೆಟ್ಟರೆ ಯಾರಿಗಾದರೂ ಪೆಟ್ಟಾಗುತ್ತದೆಯೇ? ಇಡೀ ಲೈನು ನಿಲ್ಲುತ್ತದೆಯೇ? ಬದಲಿ ಭಾಗ ಬರಲು ಎಷ್ಟು ದಿನ? ಉತ್ತರ ನೋಡಿ, ಅತಿ ಮುಖ್ಯವಾದವಕ್ಕೆ ಅ, ನಡುವಿನವಕ್ಕೆ ಬ, ಉಳಿದವಕ್ಕೆ ಕ ಎಂದು ಗುರುತು ಹಾಕಿ. ‘ಅ’ ಗುಂಪಿಗೆ ಅರ್ಧ ಕಾರ್ಖಾನೆ ಸೇರಿಕೊಂಡರೆ ಆ ಸಭೆ ಸೋತಿತು ಎಂದೇ ಅರ್ಥ, ಮತ್ತೆ ಕೂರಿಸಿ.

ತೀವ್ರತೆ, ಸಂಭವ, ಪತ್ತೆ ಈ ಮೂರಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಗುಣಿಸುವ ಪದ್ಧತಿಯೊಂದು ಬಹಳ ಕಡೆ ಚಾಲ್ತಿಯಲ್ಲಿದೆ. ಬಳಸಿ, ಆದರೆ ಗುಣಲಬ್ಧವನ್ನು ನಂಬಿ ಕೂರಬೇಡಿ. 10×2×5 ಮಾಡಿದರೂ 100, 2×10×5 ಮಾಡಿದರೂ 100. ಒಂದು ಪ್ರಾಣ ತೆಗೆಯುವ ದೋಷ, ಇನ್ನೊಂದು ವಾರಕ್ಕೊಮ್ಮೆ ಕಿರಿಕಿರಿ ಮಾಡುವ ದೋಷ.

‘ಕ’ ಗುಂಪಿನ ಸಣ್ಣ ಫ್ಯಾನು, ದೀಪ, ಜೋಡಿ ಪಂಪಿನಲ್ಲಿ ಒಂದು, ಹೀಗೆ ಸುಲಭವಾಗಿ ಬದಲಿಸಬಹುದಾದವು ಕೆಡುವವರೆಗೂ ಓಡಲಿ. ಇದನ್ನು ಸೋಮಾರಿತನ ಎಂದು ಯಾರಾದರೂ ಅಂದರೆ ಅನ್ನಲಿ, ಕೆಟ್ಟಾಗ ಹಾಕಲು ಒಂದು ಬಿಡಿಭಾಗ ಕಪಾಟಿನಲ್ಲಿದ್ದರೆ ಸಾಕು.

ಹಂತ 3: ತಪಾಸಣಾ ಪಟ್ಟಿಗೆ ಕತ್ತರಿ ಹಾಕಿ

ಹೊಸದಾಗಿ ಬಂದವರೆಲ್ಲ ಪಟ್ಟಿಗೆ ಇನ್ನಷ್ಟು ಸೇರಿಸುತ್ತಾರೆ. ನೀವು ಕಡಿಮೆ ಮಾಡಿ. ಏಕೆಂದರೆ ಯಂತ್ರಗಳು ಕೆಡುವುದರಲ್ಲಿ ನಮ್ಮ ಕೈಯ ಪಾಲು ನಾವು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡದು.

1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ಸ್ಟ್ಯಾನ್ಲಿ ನೌಲನ್ ಮತ್ತು ಹೊವಾರ್ಡ್ ಹೀಪ್ ವಿಮಾನದ ಭಾಗಗಳು ಹೇಗೆ ಕೆಡುತ್ತವೆ ಎಂಬ ಅಧ್ಯಯನವನ್ನು ಅಮೆರಿಕದ ರಕ್ಷಣಾ ಇಲಾಖೆಗೆ ಸಲ್ಲಿಸಿದರು. ವಯಸ್ಸಾದಂತೆ ಕೆಡುವ ಸಾಧ್ಯತೆ ಸ್ಪಷ್ಟವಾಗಿ ಏರುತ್ತಿದ್ದದ್ದು ಶೇ. 11ರಷ್ಟು ಭಾಗಗಳಲ್ಲಿ ಮಾತ್ರ. ಉಳಿದ ಶೇ. 89ಕ್ಕೆ ‘ಇಷ್ಟು ಗಂಟೆ ಓಡಿದ ಮೇಲೆ ಬದಲಿಸಿ’ ಎಂಬ ನಿಯಮದಿಂದ ಲಾಭವಿರಲಿಲ್ಲ. ಶೇ. 68ರಷ್ಟು ಭಾಗಗಳಂತೂ ಅಳವಡಿಸಿದ ಹೊಸದರಲ್ಲೇ ಹೆಚ್ಚು ಕೆಡುತ್ತಿದ್ದವು, ಆ ಬಾಲಗ್ರಹ ಕಳೆದ ಮೇಲೆ ನೆಮ್ಮದಿಯಾಗಿ ಓಡುತ್ತಿದ್ದವು. ಅಂದರೆ ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ದಿನಾಂಕ ಬಂತೆಂದು ಬಿಚ್ಚಿದಾಗ, ನಾವು ಅದನ್ನು ಮತ್ತೆ ಆ ಮೊದಲ ಅಪಾಯದ ವಾರಕ್ಕೆ ತಳ್ಳುತ್ತಿದ್ದೇವೆ.

ಈ ಅಂಕಿಗಳು ವಿಮಾನದವು, ನಿಮ್ಮ ಕಾರ್ಖಾನೆಗೆ ಹಾಗೇ ಅಂಟಿಸಬೇಡಿ. ವಸ್ತುವಿಗೆ ನೇರವಾಗಿ ಉಜ್ಜಿಕೊಳ್ಳುವ ಭಾಗಗಳು, ಉದಾಹರಣೆಗೆ ಕ್ರಷರಿನ ಲೈನರ್, ಕೆಸರು ನೀರೆತ್ತುವ ಪಂಪಿನ ಇಂಪೆಲ್ಲರ್, ಕನ್ವೇಯರ್ ಬೆಲ್ಟ್, ಇವು ಸವೆಯುತ್ತವೆ. ಇವಕ್ಕೆ ಗಂಟೆ ಲೆಕ್ಕ ಸರಿಯೇ.

ಪಟ್ಟಿಯ ಪ್ರತಿ ಸಾಲಿನ ಮುಂದೆ ‘ಇದು ಯಾವ ವೈಫಲ್ಯವನ್ನು ತಡೆಯುತ್ತದೆ?’ ಎಂದು ಬರೆಯಿರಿ. ಉತ್ತರ ಹೊಳೆಯದ ಸಾಲು ಹೊಡೆದುಹಾಕಿ. ಉಳಿದವುಗಳಲ್ಲಿ ‘ಪರಿಶೀಲಿಸಿ’, ‘ಗಮನಿಸಿ’ ಎಂಬ ಪದ ಕಂಡಲ್ಲೆಲ್ಲ ಅಳತೆ ಬರೆಯಿರಿ. ‘ಬೆಲ್ಟ್ ಪರಿಶೀಲಿಸಿ’ ಎಂದರೆ ಫಿಟ್ಟರ್ ಬೆಲ್ಟನ್ನು ನೋಡುತ್ತಾನೆ, ಬೆಲ್ಟ್ ಅವನನ್ನು ನೋಡುತ್ತದೆ, ಅಲ್ಲಿಗೆ ಮುಗಿಯಿತು. ‘ಎರಡು ಪುಲ್ಲಿಗಳ ನಡುವೆ ತಯಾರಕರು ಹೇಳಿದ ಬಲದಲ್ಲಿ ಒತ್ತಿ, ಒಂದು ಮೀಟರ್ ಅಂತರಕ್ಕೆ ಸುಮಾರು 16 ಮಿ.ಮೀ. ಬಗ್ಗಬೇಕು; ಬಗ್ಗಿದ್ದೆಷ್ಟು ಬರೆಯಿರಿ’ ಎಂದರೆ ಕೆಲಸವಾಗುತ್ತದೆ. ಬೆಲ್ಟನ್ನು ಬಿಗಿ ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೊಂದಿದೆ. ಆದರೆ ಬಿಗಿದಷ್ಟೂ ಶಾಫ್ಟನ್ನು ಹೊತ್ತಿರುವ ಬೇರಿಂಗಿನ ಮೇಲೆ ಹೊರೆ ಏರುತ್ತದೆ. ಬಾಲ್ ಬೇರಿಂಗಿನ ಮೇಲಿನ ಹೊರೆ ಎರಡರಷ್ಟಾದರೆ ಅದರ ಲೆಕ್ಕದ ಆಯುಷ್ಯ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಈ ಒಂದು ವಾಕ್ಯವನ್ನು ವರ್ಕ್‌ಶಾಪಿನ ಗೋಡೆಗೆ ಬರೆಸಬಹುದು.

ಹಂತ 4: ಗ್ರೀಸ್ ಗನ್ ಕೈಗೆತ್ತಿಕೊಳ್ಳಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಸಿಗುವುದು ಇಲ್ಲೇ.

ಹಿಂದೆ ನಾನಿದ್ದ ಕಾರ್ಖಾನೆಯೊಂದರಲ್ಲಿ ಒಂದು ಬ್ಲೋವರ್ ಮೋಟರಿನ ಬೇರಿಂಗು ನಾಲ್ಕೈದು ತಿಂಗಳಿಗೊಮ್ಮೆ ಹೋಗುತ್ತಿತ್ತು. ಪ್ರತಿ ಸಲವೂ ಬೇರಿಂಗಿನ ಕಂಪನಿಯನ್ನು ಬೈದು ಹೊಸದು ಹಾಕುತ್ತಿದ್ದೆವು. ಒಂದು ಸಲ ನಾನೇ ನಿಂತು ಮೋಟರ್ ಬಿಚ್ಚಿಸಿದೆ. ಮುಚ್ಚಳ ತೆಗೆದಾಗ ಗ್ರೀಸು ಬೇರಿಂಗ್ ದಾಟಿ ವೈಂಡಿಂಗ್ ಮೇಲೆಲ್ಲ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದು ಬಿಳಿ ಬಟ್ಟೆಗೆ ಒರೆಸಿದೆ: ಒಂದು ಕಡೆ ನೀಲಿ, ಒಂದು ಕಡೆ ಕಂದು, ನಡುವೆ ನೀರಿನಂತೆ ತೆಳುವಾದ ಎಣ್ಣೆ. ಎರಡು ಜಾತಿಯ ಗ್ರೀಸು ಬೆರೆತು ಒಂದನ್ನೊಂದು ಕರಗಿಸಿದ್ದವು. ಪಾಲಿಯೂರಿಯಾ ಮತ್ತು ಲಿಥಿಯಂ ಆಧಾರದ ಗ್ರೀಸುಗಳು ಸಾಮಾನ್ಯವಾಗಿ ಕೂಡಿ ಬಾಳುವುದಿಲ್ಲ. ಹಳೆಯ ಗ್ರೀಸು ಹೊರಹೋಗಬೇಕಾದ ಕೆಳಗಿನ ಪ್ಲಗ್ಗಿನ ಮೇಲೆ ಬಣ್ಣ ಬಳಿದಿತ್ತು. ಕಾರ್ಖಾನೆಗೆ ಬಂದ ದಿನದಿಂದ ಅದನ್ನು ಯಾರೂ ತೆರೆದಿರಲಿಲ್ಲ. ಗ್ರೀಸ್ ಹಾಕುವ ಹುಡುಗ ಬಹಳ ಶ್ರದ್ಧೆಯವನು, ತಿಂಗಳಿಗೊಮ್ಮೆ ತಪ್ಪದೆ ‘ಹೊರಗೆ ಇಣುಕುವವರೆಗೂ’ ಒತ್ತುತ್ತಿದ್ದ. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಅವನಿಗೆ ಯಾರೂ ಗ್ರಾಮಿನ ಲೆಕ್ಕದಲ್ಲಿ ಹೇಳಿರಲಿಲ್ಲ.

ಲೆಕ್ಕ ಸುಲಭ. ಬೇರಿಂಗಿನ ಹೊರವ್ಯಾಸವನ್ನೂ ಅಗಲವನ್ನೂ ಮಿ.ಮೀ.ನಲ್ಲಿ ಗುಣಿಸಿ, 0.005ರಿಂದ ಗುಣಿಸಿದರೆ ಮರುಗ್ರೀಸಿಗೆ ಬೇಕಾದ ಗ್ರಾಂ ಸಿಗುತ್ತದೆ. 6309 ಬೇರಿಂಗಿಗೆ 100×25×0.005, ಅಂದರೆ 12.5 ಗ್ರಾಂ. ಗನ್ನಿನ ಒಂದು ಒತ್ತಿಗೆ ಎಷ್ಟು ಬರುತ್ತದೆ? ಹತ್ತು ಸಲ ಒತ್ತಿ ತಕ್ಕಡಿಯಲ್ಲಿ ತೂಗಿ. ನಮ್ಮದರಲ್ಲಿ ಒತ್ತಿಗೆ 1.4 ಗ್ರಾಂ ಬಂತು, ಒಂಬತ್ತು ಒತ್ತು ಸಾಕಾಗಿತ್ತು. ಗನ್ ಬದಲಾದರೆ ಮತ್ತೆ ತೂಗಬೇಕು. ಎಷ್ಟು ದಿನಕ್ಕೊಮ್ಮೆ ಎಂಬುದು ವೇಗ ಮತ್ತು ಬಿಸಿಯನ್ನು ಅವಲಂಬಿಸಿದೆ. ಬೇರಿಂಗಿನ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸಿನ ಬಾಳಿಕೆ ಅರ್ಧವಾಗುತ್ತದೆ ಎಂಬುದು ವೃತ್ತಿಯಲ್ಲಿ ಒಪ್ಪಿದ ಅಂದಾಜು. ಗ್ರೀಸ್ ಒತ್ತುವ ಪ್ರತಿ ನಿಪ್ಪಲ್ ಬಳಿ ಸಣ್ಣ ತಗಡು ಹೊಡೆಸಿ, ಗ್ರೀಸಿನ ಹೆಸರು, ಒತ್ತುಗಳ ಸಂಖ್ಯೆ, ಅವಧಿ ಬರೆಸಿ. ಒಂದು ಜಾತಿಗೆ ಒಂದೇ ಬಣ್ಣದ ಗನ್.

ಎಣ್ಣೆಗೂ ಇದೇ ಮಾತು. ಹೊಸ ಪೀಪಾಯಿಯ ಎಣ್ಣೆ ಶುದ್ಧವೆಂದು ತಿಳಿಯಬೇಡಿ. ಹೈಡ್ರಾಲಿಕ್ ವ್ಯವಸ್ಥೆಗೆ ಬೇಕಾದಷ್ಟು ಶುದ್ಧವಂತೂ ಹೆಚ್ಚಾಗಿ ಇರುವುದಿಲ್ಲ. ಸೋಸಿಯೇ ಒಳಗೆ ಬಿಡಿ.

ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು, ಗ್ಯಾಸ್ ಬೆಂಕಿಯಲ್ಲಿ ಕಾಯಿಸುವುದು ನಿಲ್ಲಬೇಕು. ಇಂಡಕ್ಷನ್ ಹೀಟರಿನಲ್ಲಿ 110 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಅದು ತಾನಾಗಿ ಜಾರಿ ಕೂರುತ್ತದೆ. ಎರಡು ಶಾಫ್ಟುಗಳನ್ನು ಕೂಡಿಸುವ ಕಪ್ಲಿಂಗ್ ಜೋಡಿಸುವ ಮೊದಲು ಮೋಟರಿನ ನಾಲ್ಕೂ ಕಾಲು ನೆಲಕ್ಕೆ ಸಮವಾಗಿ ಊರಿವೆಯೇ ನೋಡಿ: ಡಯಲ್ ಗೇಜ್ ಇಟ್ಟು ಒಂದೊಂದೇ ಬೋಲ್ಟ್ ಸಡಿಲಿಸಿದಾಗ ಕಾಲು 0.05 ಮಿ.ಮೀ.ಗಿಂತ ಹೆಚ್ಚು ಎದ್ದರೆ ಮೊದಲು ಅದನ್ನು ಸರಿಪಡಿಸಿ. ಕುಂಟುವ ಮೋಟರಿಗೆ ಲೇಸರ್ ಇಟ್ಟು ಅಲೈನ್‌ಮೆಂಟ್ ಮಾಡಿದರೂ ಅದು ಸಂಜೆಯವರೆಗೆ ಉಳಿಯುವುದಿಲ್ಲ.

ಹಂತ 5: ಈಗ ಸೆನ್ಸರ್ ಮಾರುವವರನ್ನು ಕರೆಯಿರಿ

ಇದಕ್ಕೆ ಮೊದಲು ಕರೆದಿದ್ದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಆಗುತ್ತಿತ್ತು. ಈಗ ಯಾವ ಯಂತ್ರ ‘ಅ’ ಗುಂಪಿನದು, ಅದು ಹೇಗೆ ಕೆಡುತ್ತದೆ ಎಂಬುದು ನಿಮಗೆ ಗೊತ್ತಿದೆ.

ನೆನಪಿಡಬೇಕಾದ ಲೆಕ್ಕ ಒಂದೇ. ದೋಷದ ಮೊದಲ ಸುಳಿವು ಸಿಕ್ಕಿದ ದಿನದಿಂದ ಯಂತ್ರ ಕೈಕೊಡುವ ದಿನದವರೆಗೆ ಒಂದು ಅವಧಿ ಇರುತ್ತದೆ. ಅದು ಎಂಟು ವಾರವಾದರೆ ನಾಲ್ಕು ವಾರಕ್ಕೊಮ್ಮೆಯಾದರೂ ನೋಡಬೇಕು. ಬಿಡಿಭಾಗ ತರಿಸಲು ಐದು ವಾರ ಬೇಕಾದರೆ ನಾಲ್ಕು ವಾರವೂ ಸಾಲದು. ಇನ್ನೂ ಬೇಗ ನೋಡಬೇಕು, ಅಥವಾ ಭಾಗವನ್ನು ಮೊದಲೇ ತಂದಿಡಬೇಕು. ಆರು ತಿಂಗಳಿಗೊಮ್ಮೆ ಕಂಪನ ಅಳೆಸುವ ವಾರ್ಷಿಕ ಗುತ್ತಿಗೆಗಳಲ್ಲಿ ಬಹಳಷ್ಟು ಈ ಲೆಕ್ಕ ಹಾಕದೆಯೇ ಸಹಿಯಾದವು.

ಕಂಪನದ ಮಿತಿಗೆ ಐಎಸ್‌ಒ 20816 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಮಾಲಿಕೆ ಇದೆ. ಗಟ್ಟಿ ಅಡಿಪಾಯದ ಮೇಲಿರುವ 15ರಿಂದ 300 ಕಿಲೋವ್ಯಾಟ್ ಯಂತ್ರಕ್ಕೆ ಕಂಪನದ ವೇಗ ಸೆಕೆಂಡಿಗೆ 4.5 ಮಿ.ಮೀ. ದಾಟಿದರೆ ಹಾನಿಯ ವಲಯ. ಆದರೂ ಮಿತಿಗಿಂತ ಏರಿಕೆಯನ್ನು ನೋಡಿ. ವರ್ಷದಿಂದ 1.1ರಲ್ಲಿದ್ದದ್ದು ತಿಂಗಳಲ್ಲಿ 2.3 ಆದರೆ, ಮಿತಿಯೊಳಗೇ ಇದ್ದರೂ ಯಂತ್ರ ಏನೋ ಹೇಳುತ್ತಿದೆ. ಅಳೆಯುವ ಜಾಗ, ಹೊರೆ, ವೇಗ ಪ್ರತಿ ಸಲವೂ ಒಂದೇ ಆಗಿರಲಿ, ಇಲ್ಲದಿದ್ದರೆ ಅಂಕಿಗಳು ಒಂದಕ್ಕೊಂದು ಮಾತಾಡುವುದಿಲ್ಲ. ಮತ್ತೆ, ಪ್ರತಿ ಎಚ್ಚರಿಕೆಗೂ ಒಬ್ಬ ಒಡೆಯನ ಹೆಸರು ಬರೆದಿಡಿ. ಕೆಂಪು ದೀಪ ಹದಿನೈದು ದಿನ ಉರಿದು, ಎಲ್ಲರಿಗೂ ಅಭ್ಯಾಸವಾಗಿ, ಆಮೇಲೆ ಯಂತ್ರ ನಿಂತದ್ದನ್ನು ನಾನು ನೋಡಿದ್ದೇನೆ.

ಯಂತ್ರದ ಮುಂದೆ ಎಂಟು ಗಂಟೆ ನಿಲ್ಲುವ ಆಪರೇಟರ್ ಎಷ್ಟೋ ಸಲ ಸೆನ್ಸರ್ ಇಲ್ಲದೆಯೇ ಶಬ್ದದ ಬದಲಾವಣೆ ಗುರುತಿಸುತ್ತಾರೆ. ಜಪಾನಿನ ವಾಹನ ಬಿಡಿಭಾಗ ತಯಾರಕ ನಿಪ್ಪಾನ್‌ಡೆನ್ಸೊ ಕಾರ್ಖಾನೆಯಲ್ಲಿ 1970ರ ಸುಮಾರಿಗೆ ರೂಪುಗೊಂಡ ಟಿಪಿಎಂ (ಟೋಟಲ್ ಪ್ರೊಡಕ್ಟಿವ್ ಮೇಂಟೆನೆನ್ಸ್) ಪದ್ಧತಿಯ ತಿರುಳೇ ಇದು: ಒರೆಸುವುದು, ಬಿಗಿ ಮಾಡುವುದು, ಎಣ್ಣೆ ನೋಡುವುದು ಆಪರೇಟರ್ ಕೈಯಲ್ಲಿರಲಿ. ಒರೆಸುವ ಕೈಗೆ ಬಿರುಕು, ಸೋರಿಕೆ, ಬಿಸಿ ಸಿಗುತ್ತವೆ. ಅವರು ಹೇಳಿದ್ದಕ್ಕೆ ಏನು ಮಾಡಿದಿರಿ ಎಂದು ಎರಡು ದಿನದಲ್ಲಿ ಅವರಿಗೇ ಹೋಗಿ ಹೇಳಿ. ಹೇಳದಿದ್ದರೆ ಮೂರನೆಯ ಸಲ ಅವರು ಬಾಯಿ ತೆರೆಯುವುದಿಲ್ಲ.

ಹಂತ 6: ಯಂತ್ರ ನಿಲ್ಲಿಸಲು ಹೊತ್ತು ಕೇಳುವುದು

ಒಬ್ಬರನ್ನು ಯೋಜನೆಗೇ ಮೀಸಲಿಡಿ. ಬ್ರೇಕ್‌ಡೌನ್ ಆದಾಗ ಅವರನ್ನು ಎಳೆದುಕೊಂಡು ಹೋಗುವ ಆಸೆಯನ್ನು ತಡೆಯಿರಿ. ಇದು ಹೇಳಿದಷ್ಟು ಸುಲಭವಲ್ಲ. ಮುಂದಿನ ವಾರದ ಪ್ರತಿ ಕೆಲಸಕ್ಕೂ ಭಾಗ, ಗ್ಯಾಸ್ಕೆಟ್, ಬೋಲ್ಟ್, ಚಿತ್ರ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿ ಚೀಟಿ ಅಂಟಿಸಿಡುವುದು ಅವರ ಕೆಲಸ.

ಬಾಕಿ ಕೆಲಸವನ್ನು ವಾರದ ಲೆಕ್ಕದಲ್ಲಿ ಅಳೆಯಿರಿ. ಎಂಟು ಜನ, ತಲಾ 40 ಗಂಟೆ, ಒಟ್ಟು 320. ಅದರಲ್ಲಿ ಅರ್ಧ ತುರ್ತಿಗೆ ಹೋದರೆ ಉಳಿದದ್ದು 160. ಬಾಕಿ 640 ಗಂಟೆಯಿದ್ದರೆ ನಾಲ್ಕು ವಾರದ ಕೆಲಸ, ಹಿಡಿತದಲ್ಲಿದೆ. ಹತ್ತು ವಾರಕ್ಕೆ ಬೆಳೆದರೆ ಜನ ದೂರು ಬರೆಯುವುದನ್ನೇ ಬಿಡುತ್ತಾರೆ, ಆಗ ಪಟ್ಟಿ ಚಿಕ್ಕದಾಗಿ ಕಂಡು ನೀವು ಮೋಸ ಹೋಗುತ್ತೀರಿ.

ಉತ್ಪಾದನೆಯವರ ಬಳಿ ‘ನಿರ್ವಹಣೆಗೆ ಸಮಯ ಕೊಡಿ’ ಎಂದು ಗೋಗರೆಯಬೇಡಿ. ‘ಬುಧವಾರ ಬೆಳಿಗ್ಗೆ 3 ಗಂಟೆ ಕೊಡುತ್ತೀರೋ, ಈ ತಿಂಗಳಲ್ಲಿ ನಮಗೆ ಗೊತ್ತಿಲ್ಲದ ದಿನ 14 ಗಂಟೆ ಕೊಡುತ್ತೀರೋ’ ಎಂದು ಕಂಪನದ ನಕ್ಷೆ ಮುಂದಿಟ್ಟು ಕೇಳಿ. ಕೊಟ್ಟರೆ, ಹೇಳಿದ ಹೊತ್ತಿಗೆ ಯಂತ್ರ ಹಿಂತಿರುಗಿಸಿ. ಒಮ್ಮೆ ಮೂರು ಗಂಟೆ ಎಂದು ಆರು ಗಂಟೆ ಹಿಡಿದರೆ ಮುಂದಿನ ಬುಧವಾರ ನಿಮ್ಮದಲ್ಲ.

ಹಂತ 7: ಬೀಗ, ಪರ್ಮಿಟ್, ಪಾಳಿ ಬದಲಾವಣೆ

ಕ್ರಮದಲ್ಲಿ ಏಳನೆಯದಾಗಿ ಬರೆದಿದ್ದೇನೆ, ಆದರೆ ಇದು ಮೊದಲ ದಿನದಿಂದಲೇ ಇರಬೇಕಾದದ್ದು. ಯಂತ್ರಕ್ಕೆ ಕೈ ಹಾಕುವ ಪ್ರತಿಯೊಬ್ಬರದೂ ಸ್ವಂತ ಬೀಗ, ಕೀಲಿ ಅವರವರ ಜೇಬಿನಲ್ಲಿ. ಬೀಗ ಹಾಕಿದ ಮೇಲೆ ಸ್ಟಾರ್ಟ್ ಗುಂಡಿ ಒತ್ತಿ ಓಡುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ವಿದ್ಯುತ್ ಕಡಿದರೂ ಶಕ್ತಿ ಅಡಗಿರುವ ಜಾಗಗಳಿವೆ: ಒತ್ತಿದ ಸ್ಪ್ರಿಂಗ್, ಕೆಪಾಸಿಟರ್, ಹೈಡ್ರಾಲಿಕ್ ಅಕ್ಯುಮ್ಯುಲೇಟರ್, ಎತ್ತಿ ನಿಲ್ಲಿಸಿದ ಭಾರ.

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಹಗಲು ಪಾಳಿಯಲ್ಲಿ ಒಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆ ಬಿಚ್ಚಿ, ತೆರೆದ ಪೈಪಿಗೆ ಮುಚ್ಚಳ ಕೂರಿಸಿದ್ದರು. ರಾತ್ರಿ ಇನ್ನೊಂದು ಪಂಪು ನಿಂತಾಗ, ಕವಾಟ ಇಲ್ಲದಿರುವುದು ಗೊತ್ತಿಲ್ಲದ ಪಾಳಿಯವರು ಈ ಪಂಪನ್ನು ಚಾಲೂ ಮಾಡಿದರು, ಮುಚ್ಚಳದ ಬಳಿ ಸೋರಿಕೆಯಾಗಿ ಸ್ಫೋಟವಾಯಿತು. ದುರಸ್ತಿ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ, ಪರ್ಮಿಟ್, ಇತ್ತು, ಅದು ಓದಬೇಕಾದವರ ಕಣ್ಣಿಗೆ ಬೀಳಲಿಲ್ಲ. ಆದ್ದರಿಂದ ಪಾಳಿ ಬದಲಾವಣೆ ಯಂತ್ರದ ಮುಂದೆಯೇ ನಡೆಯಲಿ, ಎರಡೂ ಪಾಳಿಯವರು ಬಿಚ್ಚಿಟ್ಟದ್ದನ್ನು ಕಣ್ಣಾರೆ ನೋಡಲಿ.

‘ತಾತ್ಕಾಲಿಕ’ ಎಂಬ ಪದಕ್ಕೂ ಹೆದರಬೇಕು. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆಯಲ್ಲಿ 28 ಜನರನ್ನು ಬಲಿ ತೆಗೆದುಕೊಂಡದ್ದು, ಬಿರುಕುಬಿಟ್ಟ ರಿಯಾಕ್ಟರಿನ ಜಾಗದಲ್ಲಿ ಹಾಕಿದ್ದ ತಾತ್ಕಾಲಿಕ ಪೈಪು. ಅದರ ಚಿತ್ರ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಆಗ ಅಲ್ಲಿ ವರ್ಕ್ಸ್ ಎಂಜಿನಿಯರ್ ಹುದ್ದೆ ಖಾಲಿಯಿತ್ತು. ನಿಮ್ಮ ಪ್ರತಿ ತಾತ್ಕಾಲಿಕ ವ್ಯವಸ್ಥೆಗೂ ಒಂದು ಸಂಖ್ಯೆ, ಒಬ್ಬರ ಸಹಿ, ತೆಗೆಯುವ ದಿನಾಂಕ ಇರಲಿ.

ಹಂತ 8: ಮುರಿದ ಭಾಗವನ್ನು ಎಸೆಯಬೇಡಿ

ಎಲ್ಲ ಬ್ರೇಕ್‌ಡೌನಿನ ಮೂಲ ಕಾರಣ ಹುಡುಕುತ್ತೇವೆಂದು ಹೊರಟರೆ ಯಾವುದೂ ಸಿಗುವುದಿಲ್ಲ. ತಿಂಗಳಿಗೆ ಒಂದೋ ಎರಡೋ ಸಾಕು, ತಳ ಮುಟ್ಟುವವರೆಗೆ. ಮುರಿದ ಶಾಫ್ಟ್, ಸುಟ್ಟ ಬೇರಿಂಗು ತೊಳೆಯದೆ, ಒರೆಸದೆ, ದಿನಾಂಕ ಬರೆದು ಪೆಟ್ಟಿಗೆಯಲ್ಲಿಡಿ. ಮುರಿದ ಮುಖದ ಮೇಲೆ ಸಮುದ್ರ ತೀರದ ಮರಳಿನ ಅಲೆಗಳಂಥ ಗೆರೆ ಕಂಡರೆ ಅದು ಒಂದೇ ದಿನದ ಏಟಲ್ಲ, ದಣಿದು ಬಿರುಕು ನಿಧಾನವಾಗಿ ಬೆಳೆದದ್ದು. ಎರಡು ಮುರಿದ ತುದಿಗಳನ್ನು ಕೂಡಿಸಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಹಾಗೆ ಉಜ್ಜಿದರೆ ಸಾಕ್ಷಿ ಅಳಿಸಿತು. ವರದಿಯಲ್ಲಿ ‘ಆಪರೇಟರ್ ತಪ್ಪು’ ಎಂದು ಬಂದರೆ ವಾಪಸ್ ಕಳಿಸಿ, ಆ ತಪ್ಪು ಮಾಡಲು ಯಂತ್ರ ಏಕೆ ಬಿಟ್ಟಿತು ಎಂದು ಕೇಳಿ.

ಉಗ್ರಾಣದ ಬಗ್ಗೆ ಎರಡೇ ಮಾತು: ಇಟ್ಟ ಮೋಟರಿನ ಶಾಫ್ಟನ್ನು ಆಗಾಗ ಕೈಯಿಂದ ತಿರುಗಿಸಿಡಿ, ಕಂಪಿಸುವ ನೆಲದ ಮೇಲೆ ಇಡಬೇಡಿ. ರಬ್ಬರ್ ಸೀಲಿಗೂ ಅವಧಿ ಇದೆ.

ಹಂತ 9: ಸಹಿ ಹಾಕಿದ ಚೀಟಿಯನ್ನು ಹಿಡಿದು ನಡೆಯಿರಿ

ತಿಂಗಳ ವರದಿಗೆ ಅಂಕಿ ಬೇಕೇ ಬೇಕು: ಯೋಜಿತ ಕೆಲಸದ ಪಾಲು, ಹೊತ್ತಿಗೆ ಮುಗಿದ ತಪಾಸಣೆಗಳು, ‘ಅ’ ಗುಂಪಿನ ನಿಲುಗಡೆ. ತಪಾಸಣೆ ಶೇ. 100 ಎಂದು ಬಂದ ತಿಂಗಳು ಸಂತೋಷಪಡುವ ಮೊದಲು, ಸಹಿ ಬಿದ್ದ ಒಂದು ಚೀಟಿಯನ್ನು ಕೈಗೆ ಸಿಕ್ಕಂತೆ ಎತ್ತಿಕೊಂಡು ಆ ಯಂತ್ರದ ಬಳಿ ಹೋಗಿ. ನಾನು ಹಾಗೆ ಹೋದ ದಿನ ‘ಬೆಲ್ಟ್ ಬಿಗಿತ ನೋಡಲಾಗಿದೆ’ ಎಂದಿತ್ತು. ಬೆಲ್ಟಿನ ಗಾರ್ಡಿನ ಬೋಲ್ಟುಗಳ ಮೇಲೆ ತಿಂಗಳುಗಟ್ಟಲೆಯ ಧೂಳು ಕದಲದೆ ಕೂತಿತ್ತು. ಸಹಿ ಹಾಕಿದವನನ್ನು ಕರೆಸಿ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಗಾರ್ಡಿನ ಬೋಲ್ಟುಗಳನ್ನು ಎಣಿಸಿದೆ, ಹದಿನಾರಿದ್ದವು. ಚೀಟಿಯಲ್ಲಿ ಆ ಕೆಲಸಕ್ಕೆ ನಾವೇ ಕೊಟ್ಟಿದ್ದ ಸಮಯ ಹತ್ತು ನಿಮಿಷ. ಮರುವಾರ ಗಾರ್ಡಿಗೆ ಜಾಲರಿಯ ಕಿಟಕಿಯಿಟ್ಟು, ಎರಡು ಚಿಲಕ ಹಾಕಿಸಿ, ಚಿಲಕ ತೆಗೆದರೆ ಮೋಟರ್ ನಿಲ್ಲುವಂತೆ ಸ್ವಿಚ್ ಕೂರಿಸಿದೆವು. ಆಮೇಲಿನ ಚೀಟಿಗಳಲ್ಲಿ ‘ನೋಡಲಾಗಿದೆ’ ಹೋಗಿ 14, 17, 19 ಎಂದು ಮಿ.ಮೀ. ಬರತೊಡಗಿತು.